ಹಳ್ಳದ ನಂಬರು

ನನ್ನ ಮೊಬೈಲಿನಲ್ಲಿ ‘ಹಳ್ಳ’ ಎಂಬ ಹೆಸರಿನಲ್ಲಿ ಒಂದು ನಂಬರಿದೆ. ಅದು ಮನುಷ್ಯರದಲ್ಲ. ಕುಂದಗೋಳ ಕಡೆ ಬೆಣ್ಣಿಹಳ್ಳದ ಒಂದು ಸೇತುವೆಗೆ ಬಿಗಿದಿರುವ ಡಬ್ಬಿಯೊಳಗಿನ ಸಿಮ್ಮಿನದು. ಆ ಡಬ್ಬಿ ಹೇಗೆ ಬಂತು, ಒಮ್ಮೆ ಹೇಗೆ ಕೈಕೊಟ್ಟಿತು, ಅದರಲ್ಲಿ ನನ್ನ ತಪ್ಪು ಎಷ್ಟು ಎಂಬುದನ್ನು ಬರೆದಿಡುವುದು ನನ್ನ ಮೇಲಿರುವ ಋಣ.

ಹುಬ್ಬಳ್ಳಿಯ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ ನಾನು, ನನ್ನ ಹೆಂಡತಿ ನವಲಗುಂದ ತಾಲ್ಲೂಕಿನ ನಮ್ಮೂರಿಗೆ ಬಂದೆವು. ಊರಿಗೂ ಹುಬ್ಬಳ್ಳಿಯ ರಸ್ತೆಗೂ ನಡುವೆ ಹಳ್ಳ. ದಾಟಲು ಒಂದು ತಗ್ಗಿನ ಸೇತುವೆ. ಬೇಸಿಗೆಯಲ್ಲಿ ಹಳ್ಳದ ಹೊಟ್ಟೆಯಲ್ಲೇ ಕುರಿ ಮೇಯುತ್ತವೆ. ಈ ಹಳ್ಳದ ಗುಣವೆಂದರೆ, ಅದು ತುಂಬಲು ನಮ್ಮಲ್ಲಿ ಮಳೆಯಾಗಬೇಕೆಂದಿಲ್ಲ. ಮೇಲೆ ಶಿಗ್ಗಾಂವಿ, ಕುಂದಗೋಳದ ಕಡೆ ಸುರಿದರೆ ಸಾಕು. ನಮ್ಮಲ್ಲಿ ಬಿಸಿಲು ಬಿದ್ದಿರುತ್ತದೆ, ಹೆಂಗಸರು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿರುತ್ತಾರೆ, ಅಷ್ಟರಲ್ಲಿ ಕರೀ ಮಣ್ಣು ಕಲಸಿಕೊಂಡ ನೀರು ಸೇತುವೆಯ ಮೇಲೆ ಹರಿಯುತ್ತಿರುತ್ತದೆ. ಒಮ್ಮೆ ಬಂದರೆ ಇಳಿಯಲು ಒಂದು ದಿನ, ಕೆಲವೊಮ್ಮೆ ಎರಡು.

ಊರಿಗೆ ಬಂದ ಎರಡನೇ ವರ್ಷ ಹೆಂಡತಿಯ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಮಂಗಳವಾರ, ಗುರುವಾರ, ಶನಿವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಹನ್ನೊಂದು ಗಂಟೆಗೆ ಕುರ್ಚಿಯಲ್ಲಿ ಕೂತರೆ ನಾಲ್ಕು ತಾಸು. ವೈದ್ಯರು ಹೇಳಿದ ಮಾತು ಚಿಕ್ಕದು: ಒಂದು ಸರದಿ ತಪ್ಪಿದರೆ ಒಳಗಿನ ನೀರು ಎದೆಗೆ ಏರುತ್ತದೆ, ಎರಡು ತಪ್ಪಿದರೆ ನಾನು ಏನೂ ಹೇಳಲಾರೆ. ಅವಳು ದಿನಕ್ಕೆ ಕುಡಿಯಬಹುದಾದ ನೀರನ್ನು ಬೆಳಿಗ್ಗೆಯೇ ಒಂದು ಸಣ್ಣ ತಂಬಿಗೆಯಲ್ಲಿ ಅಳೆದಿಟ್ಟುಕೊಳ್ಳುತ್ತಿದ್ದಳು.

ಮೊದಲ ಮಳೆಗಾಲದಲ್ಲಿ ನನಗೆ ಗೊತ್ತಿದ್ದ ಏಕೈಕ ಉಪಾಯ ಫೋನು. ಮೇಲಿನ ಊರುಗಳ ಪರಿಚಯದವರಿಗೆ ಮಾಡಿ, ಮಳೆ ಹೇಗಿದೆ ಎಂದು ಕೇಳುತ್ತಿದ್ದೆ. “ಐತ್ರಿ, ಸ್ವಲ್ಪ” ಎನ್ನುತ್ತಿದ್ದರು. ಡೆಸ್ಕಿನಲ್ಲಿ ಕೂತವನಿಗೆ ‘ಸ್ವಲ್ಪ’ ಎಂಬ ಮಾತಿನ ಬೆಲೆ ಗೊತ್ತು. ಅದರ ಮೇಲೆ ಒಂದು ಸಾಲೂ ಬರೆಯಲಾಗದು. ಆ ಮಳೆಗಾಲ ಹೇಗೋ ಕಳೆಯಿತು. ಎರಡು ಸಲ ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ದಾಟಿದೆವು.

ಡಬ್ಬಿಯ ಯೋಚನೆ ಅವಳದು. ನಮ್ಮ ಹೊಲದ ಪಂಪಿನ ಮೋಟಾರು ಸುಟ್ಟಿತ್ತು. ನವಲಗುಂದದ ಬಸ್ ನಿಲ್ದಾಣದ ಹತ್ತಿರ ಮೋಟಾರು ರಿವೈಂಡಿಂಗ್ ಮಾಡುವ ಒಬ್ಬರಿದ್ದಾರೆ. ತಾಲ್ಲೂಕಿನವರೆಲ್ಲ ಅವರನ್ನು ಉಸ್ತಾದ ಎನ್ನುತ್ತಾರೆ. ಅವರ ಮನೆಯ ಹೆಂಗಸರು ಮೂರು ತಲೆಮಾರಿನಿಂದ ಜಮಖಾನೆ ನೇಯ್ದವರು. ಇವರು ತಾಮ್ರದ ತಂತಿ ಸುತ್ತುತ್ತಾರೆ. ಆಸ್ಪತ್ರೆಯಿಂದ ಬರುವಾಗ ಅಂಗಡಿಗೆ ಹೋದೆವು. ಉಸ್ತಾದ ಯಾರದೋ ಪಂಪಿಗೆ ಮೊಬೈಲ್ ಸ್ಟಾರ್ಟರ್ ಜೋಡಿಸುತ್ತಿದ್ದರು. ನಮ್ಮ ಕಡೆ ಅದು ಎಲ್ಲರ ಹೊಲದಲ್ಲೂ ಇದೆ. ಕರೆಂಟು ಬಂದರೆ ಡಬ್ಬಿ ಮನೆಗೆ ಫೋನು ಮಾಡುತ್ತದೆ, ಮನೆಯಿಂದ ಹೇಳಿದರೆ ಮೋಟಾರು ಚಾಲೂ ಮಾಡುತ್ತದೆ. ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

“ಅಣ್ಣಾರ, ಇದು ಹೊಲದಾಗ ಕರೆಂಟ್ ಬಂತಂತ ಮನಿಗೆ ಹೇಳತೈತಿ. ಹಳ್ಳಕ್ಕ ನೀರ ಬಂತಂತ ಹೇಳಂಗಿಲ್ಲೇನು?”

ಉಸ್ತಾದ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹೇಳಸೂಣು ವೈನಿ” ಎಂದರು. “ನೀರ್ಯಾಕ, ಹಳ್ಳದ ಜಾತಕಾನ ಹೇಳಸೂಣು. ಆದ್ರ ನನಗ ತಂತಿ ಗೊತ್ತು, ಪ್ರೋಗ್ರಾಂ ಗೊತ್ತಿಲ್ಲ. ಅದಕ್ಕ ಅಕ್ಕೋರನ್ನ ಹಿಡೀಬೇಕು.”

ನಮ್ಮ ಭಾಗದಲ್ಲಿ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಇವರು ಪಕ್ಕದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಮಕ್ಕಳ ಪ್ರದರ್ಶನಕ್ಕೆ ದೀಪ ಮಿನುಗಿಸುವ, ಗಿಡಕ್ಕೆ ನೀರು ಬಿಡುವ ಸಣ್ಣ ಯಂತ್ರಗಳನ್ನು ಮಾಡಿಸುತ್ತಿದ್ದರು. ಅವುಗಳ ಮಿದುಳು ಬೆಂಕಿಪೊಟ್ಟಣದಷ್ಟು ದೊಡ್ಡ ಹಲಗೆ, ಅದರ ಹೆಸರು ಮೈಕ್ರೊಕಂಟ್ರೋಲರ್. ಅದಕ್ಕೆ ಮೊಬೈಲಿನ ನಾಲಿಗೆ ಕಟ್ಟುವುದೆಂದರೆ ಸಿಮ್ ಹಾಕುವ ಇನ್ನೊಂದು ಹಲಗೆಯನ್ನು ಪಕ್ಕದಲ್ಲಿ ಕೂರಿಸಿ, ನಾಲ್ಕು ತಂತಿಗಳಿಂದ ಸೇರಿಸುವುದು. ಅಕ್ಕೋರು ಹೀಗೆ ವಿವರಿಸಿದಾಗ ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ನಾಲ್ಕು ತಂತಿ ಎಂದು ಬರೆದ ಆ ಕೆಲಸಕ್ಕೆ ಐದು ಭಾನುವಾರ ಹಿಡಿಯಿತು.

ಮೊದಲ ಭಾನುವಾರ ಡಬ್ಬಿಗೆ ನೆಟ್‌ವರ್ಕೇ ಸಿಗಲಿಲ್ಲ. ಅಕ್ಕೋರು ತರಿಸಿದ್ದು ಅಗ್ಗದ, ಹಳೇ ಕಾಲದ ಹಲಗೆ. ನಾವು ಹಾಕಿದ ಸಿಮ್ಮು ಹೊಸ ಕಾಲದ್ದು. ಎರಡಕ್ಕೂ ಮಾತುಕತೆ ಇಲ್ಲ. ಹಲಗೆ ಬದಲಾಯಿಸಿದೆವು. ಮುಂದಿನ ವಾರ ನೆಟ್‌ವರ್ಕ್ ಸಿಕ್ಕಿತು. ಆದರೆ ಸಂದೇಶ ಕಳಿಸಲು ಹೊರಟಾಗಲೆಲ್ಲ ಇಡೀ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಕ್ಕೋರು ಎರಡು ತಾಸು ಪ್ರೋಗ್ರಾಮಿನ ಸಾಲು ಸಾಲು ಓದಿದರು. ಉಸ್ತಾದ ಚಹಾ ಕುಡಿಯುತ್ತ ನೋಡುತ್ತಿದ್ದರು.

“ಅಕ್ಕೋರ, ನಿಮ್ಮ ಬರವಣಿಗಿ ಸರಿ ಐತಿ, ಬಿಡ್ರಿ. ಇದು ಹಸಿವಿ. ಮೋಟಾರ್ ಎದ್ದೇಳೂ ಹೊತ್ತಿಗೆ ಹೆಂಗ ಗಕ್ಕನ ಕರೆಂಟ್ ಜಗ್ಗತೈತೋ, ಹಂಗ ಇದೂ ಜಗ್ಗತೈತಿ. ನೀವು ತುತ್ತು ತುತ್ತು ಕೊಡಾಕತ್ತೀರಿ.”

“ಇಷ್ಟ ಸಣ್ಣದಕ್ಕ ಅಷ್ಟು ಹಸಿವಿ ಇರತೈತೇನ್ರಿ ಉಸ್ತಾದ?”

“ಸಣ್ಣವರಿಗೇ ಜಾಸ್ತಿ ಇರತೈತ್ರಿ. ಸಾಲ್ಯಾಗ ಊಟದ ಗಂಟಿ ಹೊಡದಾಗ ನೋಡಿಲ್ಲೇನು?”

ಅವರು ದಪ್ಪ ತಂತಿಯಿಂದ ಬೇರೆ ಬ್ಯಾಟರಿ ಕೊಟ್ಟರು, ನಡುವೆ ಒಂದು ದೊಡ್ಡ ಕೆಪಾಸಿಟರ್ ಕೂರಿಸಿದರು. ಬೇಕಾದಾಗ ಒಮ್ಮೆಲೇ ಸುರಿಯಲು ಕರೆಂಟು ತುಂಬಿಟ್ಟುಕೊಳ್ಳುವ ಕೊಡ ಅದು. ಆಮೇಲೆ ಯಂತ್ರ ಆರಲಿಲ್ಲ. ನಾನು ಆ ದಿನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ದೋಷ ಕಂಡುಹಿಡಿದವರು ಉಸ್ತಾದ.

ಮೇಲಿನ ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಿಸುವ ಫ್ಲೋಟ್‌ಗಳಿರುತ್ತವಲ್ಲ, ಅಂಥ ಮೂರನ್ನು ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ಮೂರು ಎತ್ತರದಲ್ಲಿ ಕೂರಿಸಿ, ಪಂಚಾಯ್ತಿಯವರ ಒಪ್ಪಿಗೆ ಪಡೆದು, ಕುಂದಗೋಳದ ಕಡೆಯ ಮೇಲಿನ ಸೇತುವೆಯ ಕಂಬಕ್ಕೆ ಕಟ್ಟಿದೆವು. ಡಬ್ಬಿಯನ್ನು ಕಟಕಟೆಗೆ ಬಿಗಿದೆವು. ನೀರು ಅಲ್ಲಿಂದ ನಮ್ಮೂರ ಸೇತುವೆಗೆ ಬರಲು ಸುಮಾರು ಮೂರು ತಾಸು ಬೇಕು. ಆ ಮೂರು ತಾಸು ಸಿಕ್ಕರೆ ನಮಗೆ ಸಾಕಿತ್ತು.

ಹೇಗೆ ತಿಳಿಸಬೇಕು ಎಂಬ ಚರ್ಚೆಯಲ್ಲಿ ಅಕ್ಕೋರು ಎಸ್ಸೆಮ್ಮೆಸ್ ಎಂದರು. ಉಸ್ತಾದ ಒಪ್ಪಲಿಲ್ಲ. ಹಳ್ಳಿಯಲ್ಲಿ ಎಸ್ಸೆಮ್ಮೆಸ್ ಯಾರೂ ತೆರೆಯುವುದಿಲ್ಲ, ಅದರಲ್ಲಿ ಬರುವುದೆಲ್ಲ ಕಂಪನಿಯ ಜಾಹೀರಾತು ಎಂದರು. ಮಿಸ್ಡ್ ಕಾಲ್ ಆದರೆ ಎಲ್ಲರೂ ನೋಡುತ್ತಾರೆ. ಆ ವಾದ ಗೆದ್ದಿತು. ಮೊದಲ ಫ್ಲೋಟ್ ಎದ್ದರೆ ಡಬ್ಬಿ ಏಳು ಜನರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಮಿಸ್ಡ್ ಕಾಲ್ ಕೊಡುವುದೆಂದು ನಿರ್ಧಾರವಾಯಿತು. ಪಟ್ಟಿ ಮಾಡುವುದು, ಅದರಲ್ಲಿರುವವರಿಗೆ ವಿಷಯ ತಿಳಿಸುವುದು ನನ್ನ ಪಾಲಿಗೆ ಬಂತು. ಹಳ್ಳದ ಹೊಟ್ಟೆಯಲ್ಲೇ ಕುರಿ ಮೇಯಿಸುವ ಅಜ್ಜನನ್ನು ಮೊದಲು ಹಾಕಿದೆ. ಅದು ನ್ಯಾಯವಾಗಿತ್ತು. ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವ ಟಂಟಂ ಆಟೋದ ಚಾಲಕ ಮೂರನೆಯವನು, ನಾನು ನಾಲ್ಕನೆಯವನು.

ಅಜ್ಜನನ್ನು ಬಿಟ್ಟು ಉಳಿದ ಐವರಿಗೆ ನಾನೇ ಎದುರು ನಿಂತು ಹೇಳಿದೆ. ಅಜ್ಜ ಆ ವಾರ ಕುರಿಗಳೊಂದಿಗೆ ದೂರ ಹೋಗಿದ್ದ. “ನಾ ಹೇಳ್ತೀನಿ ಬಿಡ್ರಿ ಸರ್, ಆ ದಾರ್ಯಾಗ ದಿನಾ ಸಿಗ್ತಾನ” ಎಂದ ಟಂಟಂ ಚಾಲಕ. ಎರಡು ದಿನ ಬಿಟ್ಟು, “ಹೇಳಿದ್ಯೇನಪ್ಪಾ?” ಎಂದು ಕೇಳಿದೆ. “ಹೇಳೇನ್ರಿ” ಎಂದ. ಪುಸ್ತಕದಲ್ಲಿ ಅಜ್ಜನ ಹೆಸರಿನ ಮುಂದೆ ಗುರುತು ಹಾಕಿದೆ. ಸಂಬಂಧಪಟ್ಟವರ ಬಾಯಿಂದಲೇ ಕೇಳದೆ ಒಂದು ಸಾಲನ್ನೂ ಮುದ್ರಣಕ್ಕೆ ಬಿಡಬಾರದು ಎಂದು ಡೆಸ್ಕಿನಲ್ಲಿ ಹೊಸಬರಿಗೆ ವರ್ಷಗಟ್ಟಲೆ ಹೇಳಿದವನು ನಾನು.

ಅದೊಂದು ಗುರುವಾರ. ಆಕಾಶ ತಿಳಿಯಾಗಿತ್ತು. ಎಂದಿನಂತೆ ಒಂಬತ್ತು ಗಂಟೆಗೆ ಟಂಟಂ ಬಂತು, ಅವಳು ರೊಟ್ಟಿಯ ಗಂಟು ಹಿಡಿದು ಹತ್ತಿದಳು. ಹಳ್ಳದ ದಂಡೆಗೆ ಬಂದಾಗ ಸೇತುವೆ ಕಾಣಲಿಲ್ಲ. ಎರಡೂ ಬದಿಯ ಗುರುತಿನ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಚಾಲಕ ಎಂಜಿನ್ ಆರಿಸಿದ. ಆಗ ಅವನ ಜೇಬಿನ ಫೋನು ಬಡಿದು ನಿಂತಿತು. ಅದರ ಹಿಂದೆಯೇ ನನ್ನದು. ತೆಗೆದು ನೋಡಿದೆ, ಡಬ್ಬಿಯ ನಂಬರು.

“ಭಾಳ ಲಗೂ ಹೇಳ್ತು” ಎಂದಳು ಅವಳು.

ಆ ಸಲ ಟ್ರ್ಯಾಕ್ಟರಿಗೂ ದಾಟಲಾಗದಷ್ಟು ಸೆಳವಿತ್ತು. ಆಸ್ಪತ್ರೆಗೆ ಫೋನು ಮಾಡಿದೆ. ನೀರು ಕುಡಿಸಬೇಡಿ, ತಲೆ ಎತ್ತರಕ್ಕಿಟ್ಟು ಮಲಗಿಸಿ, ದಾರಿಯಾದ ತಕ್ಷಣ ಬನ್ನಿ ಎಂದರು. ಮರುದಿನ ಬೆಳಿಗ್ಗೆ ಅವಳ ಕಾಲು, ಮುಖ ಊದಿದ್ದವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತಿದ್ದಳು. ನಾನು ತಾಸಿಗೊಮ್ಮೆ ಹಳ್ಳಕ್ಕೆ ಹೋಗಿ, ನೀರು ಕಲ್ಲಿನ ಯಾವ ಗುರುತಿಗೆ ಇಳಿದಿದೆ ಎಂದು ನೋಡಿ ಬರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರಿನವನು ದಾಟಿಸುತ್ತೇನೆ ಎಂದ. ಆಸ್ಪತ್ರೆಯವರು ಬೇರೆಯವರ ಸರದಿ ಹಿಂದೆ ಸರಿಸಿ ಇವಳನ್ನು ಕೂರಿಸಿದರು. ಆ ಬೇರೆಯವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವರಿಗೆ ನಾನು ಕೃತಜ್ಞ.

ಅವಳು ಚೇತರಿಸಿಕೊಂಡ ಮೇಲೆ, ಆ ಭಾನುವಾರ, ಏನಾಯಿತೆಂದು ವಿಚಾರಿಸಲು ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿದೆವು. ಡಬ್ಬಿ ತನ್ನೊಳಗೆ ಬರೆದಿಟ್ಟುಕೊಂಡ ವೇಳೆಗಳನ್ನು ಅಕ್ಕೋರು ಓದಿದರು. ಮೊದಲ ಫ್ಲೋಟ್ ಬೆಳಿಗ್ಗೆ ಆರು ಗಂಟೆಯ ಸುಮಾರಿಗೇ ಎದ್ದಿತ್ತು. ಅಜ್ಜನಿಗೆ ಆಗಲೇ ಮಿಸ್ಡ್ ಕಾಲ್ ಹೋಗಿತ್ತು. ಆಮೇಲೆ ಮೂರು ತಾಸು ಲೈನು ಖಾಲಿಯೇ ಇರಲಿಲ್ಲ.

ಅಜ್ಜ ಕೆಳಗೆ ಕೂತಿದ್ದ. ನಾನು ಕೇಳಿದೆ, “ಅಜ್ಜಾ, ಗುರುವಾರ ಮುಂಜಾನೆ ಒಂದ್ ಫೋನ್ ಬಂದಿತ್ತೇನು?”

“ಬಂದಿತ್ರಿ ಪೇಪರ್ ಸಾಹೇಬ್ರ. ಬಂದ್ ಕಟ್ಟಾತು. ಯಾರೋ ಪಾಪ, ಕೆಲಸ ಇರಬೇಕಂತ ಹೊಳ್ಳಿ ಹಚ್ಚಿದೆ. ಎತ್ತಿದ್ರು. ಹಲೋ ಅಂದೆ, ಮಾತಿಲ್ಲ.”

ಪರೀಕ್ಷೆಗೆಂದು ಅಕ್ಕೋರು, ಯಾರಾದರೂ ಕರೆ ಮಾಡಿದರೆ ಡಬ್ಬಿ ತಾನೇ ಎತ್ತುವಂತೆ ಮಾಡಿದ್ದರು. ಅದನ್ನು ತೆಗೆಯಲು ಮರೆತಿದ್ದರು.

“ಮಾತಿಲ್ಲಂದ್ರ ಇಡಬೇಕಿಲ್ಲೇನೋ ಮಾರಾಯಾ?” ಎಂದ ಟಂಟಂ ಚಾಲಕ.

“ಹೆಂಗ ಇಡಲಲೇ? ಫೋನ್ ಎತ್ತಾರ, ಮಾತಾಡವಲ್ರು. ಎಲ್ಲೋ ಬಿದ್ದಾರ, ಬಾಯಿ ಬರವಲ್ದು ಅಂತ ತಿಳದೆ. ಹೆದರಬ್ಯಾಡ ತಮ್ಮಾ, ಎಲ್ಲಿ ಅದೀ ಹೇಳು, ನಾ ಇಲ್ಲೇ ಅದೀನಿ ಅಂತ ಕುರಿ ಹೊರಗ ಬಿಡದ ಹೇಳಕೋತ ಕುಂತೆ. ಕಟ್ಟಾದ್ರ ಮತ್ತ ಹಚ್ಚಿದೆ. ಚಾರ್ಜ್ ಮುಗಿಯೂ ತನಕ ಬಿಡ್ಲಿಲ್ಲ.”

“ನಿನಗ ಹಳ್ಳದ ಡಬ್ಬಿ ವಿಷಯ ಇವ ಹೇಳಿರಲಿಲ್ಲೇನು?” ಎಂದು ನಾನು ಚಾಲಕನ ಕಡೆ ತೋರಿಸಿ ಕೇಳಿದೆ.

“ಹೇಳಿದ್ದ್ರಿ. ಸೇತುವಿಗೆ ಡಬ್ಬಿ ಕಟ್ಟ್ಯಾರ ಅಂದಿದ್ದ. ಅದು ಫೋನ್ ಮಾಡತೈತಿ ಅಂತ ಅಂದಿರಲಿಲ್ಲ.”

ಚಾಲಕ ನೆಲ ನೋಡಿದ. ಅವನನ್ನು ಅನ್ನುವ ಹಕ್ಕು ನನಗಿರಲಿಲ್ಲ. ಪುಸ್ತಕದಲ್ಲಿ ಗುರುತು ಹಾಕಿದ್ದು ನನ್ನ ಕೈ. ಅದನ್ನು ಅಲ್ಲೇ, ಎಲ್ಲರ ಮುಂದೆ ಹೇಳಿದೆ. ಬಾಗಿಲಲ್ಲಿ ಕೂತಿದ್ದ ಹೆಂಡತಿ ನಡುವೆ ಬಾಯಿ ಹಾಕಿದಳು.

“ಅಜ್ಜಾ, ನಾ ಎಲ್ಲರೆ ಬಿದ್ದಿದ್ರೂ ಹಿಂಗ ಫೋನ್ ಹಿಡಕೊಂಡು ಕುಂದರ್ತಿದ್ದಿಯೇನು?”

“ಮತ್ತ, ಬಿಡ್ತೀನೇನವ್ವಾ?”

“ಹಂಗಾದ್ರ ಈ ಅಜ್ಜಗ ಯಾರೂ ಏನೂ ಅನಬ್ಯಾಡ್ರಿ. ಡಬ್ಬಿ ತಪ್ಪಷ್ಟ ನೋಡ್ರಿ.”

ಅಕ್ಕೋರು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದು ಹೊರಗಿನ ಕರೆಗಳನ್ನೆಲ್ಲ ತಿರಸ್ಕರಿಸುತ್ತೇನೆ ಎಂದರು. ಜನರಿಗೂ, ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ ಎಂದು ತಿಳಿಹೇಳೋಣ ಎಂದೆ ನಾನು. ಉಸ್ತಾದ ನಕ್ಕರು.

“ಮಿಸ್ಡ್ ಕಾಲ್ ಬಂದ್ರ ಹೊಳ್ಳಿ ಹಚ್ಚಬ್ಯಾಡ್ರಿ ಅಂತ ನವಲಗುಂದ ತಾಲ್ಲೂಕಿಗೆಲ್ಲಾ ಕಲಸ್ತೀರೇನು ಸರ್? ಅದಕ್ಕಿಂತ ಒಂದ್ ಡಬ್ಬಿಗೆ ಕಲಸೂದು ಸಸಾರ.”

“ಏನಂತ ಕಲಸೂದು?”

ಉತ್ತರ ಬಂದದ್ದು ಅಜ್ಜನಿಂದ. “ಅದಕ್ಕೊಂದು ಬಾಯಿ ಕೊಡ್ರಿ. ಹೊಳ್ಳಿ ಹಚ್ಚಿದವ್ರಿಗೆ ಅದೂ ಎರಡ ಮಾತ ಹೇಳಲಿ. ಹೇಳಿದ್ರ ನಾ ಇಡ್ತೀನಿ.”

ಕೆಲಸ ಹಾಗೆಯೇ ಆಯಿತು. ಈಗ ಫ್ಲೋಟ್ ಎದ್ದೊಡನೆ ಡಬ್ಬಿ ಮೊದಲು ಏಳೂ ಜನರಿಗೆ ಎಸ್ಸೆಮ್ಮೆಸ್ ಕಳಿಸುತ್ತದೆ. ಅದು ಅರ್ಧ ನಿಮಿಷದ ಕೆಲಸ, ಯಾರೂ ಅದರ ನಡುವೆ ಬರಲಾರರು. ಆಮೇಲೆ ಒಬ್ಬೊಬ್ಬರಿಗೆ ಕರೆ ಮಾಡುತ್ತದೆ. ಯಾರಾದರೂ ತಿರುಗಿ ಮಾಡಿದರೆ ಎತ್ತಿ, ಹತ್ತು ಸೆಕೆಂಡು ಮಾತಾಡಿ, ತಾನೇ ಇಡುತ್ತದೆ. ಮಾತಿಗೆ ಉಗುರಿನಷ್ಟು ದೊಡ್ಡ ಕಾರ್ಡಿನಲ್ಲಿ ಧ್ವನಿ ತುಂಬುವ ಇನ್ನೊಂದು ಹಲಗೆ ಸೇರಿಸಿದೆವು. ಧ್ವನಿ ಯಾರದು ಎಂಬ ಪ್ರಶ್ನೆಗೆ ಅಜ್ಜ, “ಅವ್ವನ ಧನಿ ಇರಲಿ, ಗುರ್ತು ಐತಿ” ಎಂದ. ನನ್ನ ಹೆಂಡತಿ ಉಸ್ತಾದರ ಅಂಗಡಿಯ ಬಾಗಿಲು ಹಾಕಿಸಿ, ಫ್ಯಾನು ನಿಲ್ಲಿಸಿ ಹೇಳಿದಳು: “ಹಳ್ಳಕ್ಕ ನೀರ ಬಂದೈತಿ. ದಾಟಬ್ಯಾಡ್ರಿ. ಇನ್ನ ಫೋನ್ ಇಡ್ರಿ.” ಕೊನೆಯ ಮೂರು ಪದ ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಹಾಗೆಯೇ ಬಿಟ್ಟೆವು.

ಎಸ್ಸೆಮ್ಮೆಸ್ಸಿನ ಮಾತು ಬರೆಯುವುದು ನನ್ನ ಪಾಲಿಗೆ ಬಂತು. ಇಂಗ್ಲಿಷಿಗೆ ಸಿಗುವ ಜಾಗದ ಅರ್ಧವೂ ಕನ್ನಡಕ್ಕೆ ಸಿಗುವುದಿಲ್ಲ. ಎಪ್ಪತ್ತು ಅಕ್ಷರಕ್ಕೆ ಒಂದು ಸಂದೇಶ ಮುಗಿಯುತ್ತದೆ, ಅದರಲ್ಲೂ ಒತ್ತು, ಕೊಂಬು, ದೀರ್ಘಗಳನ್ನು ಬೇರೆ ಎಣಿಸುತ್ತಾರೆ. ಒಂದು ಕಾಲಮ್ಮಿನ ತಲೆಬರಹ ಕೂರಿಸುವ ಹಳೆಯ ಅಭ್ಯಾಸ ಕೆಲಸಕ್ಕೆ ಬಂತು. ಅಕ್ಕೋರಿಗೆ ಡೇಟಾದ ಆಸೆ ಮೊದಲಿಂದಲೂ ಇತ್ತು. ಅದನ್ನೂ ಸೇರಿಸಿದರು. ಈಗ ಕಾಲು ತಾಸಿಗೊಮ್ಮೆ ಫ್ಲೋಟುಗಳ ಸ್ಥಿತಿ ಇಂಟರ್ನೆಟ್ಟಿನ ಒಂದು ಪುಟಕ್ಕೆ ಹೋಗಿ ಕೂರುತ್ತದೆ, ಅವರ ಮಕ್ಕಳು ಅದರಿಂದ ನಕ್ಷೆ ಬರೆಯುತ್ತಾರೆ. ಮೋಡ ದಟ್ಟವಾಗಿ ಸಿಗ್ನಲ್ ಒಂದೇ ಗೀಟಿಗೆ ಇಳಿದಾಗ ಪುಟಕ್ಕೆ ಏನೂ ಹೋಗುವುದಿಲ್ಲ. ಎಸ್ಸೆಮ್ಮೆಸ್ ಮಾತ್ರ ಹೇಗೋ ನುಸುಳಿ ಬರುತ್ತದೆ. ಇದನ್ನು ನಾನು ಮೂರು ಸಲ ಕಂಡು ಬರೆದಿಟ್ಟಿದ್ದೇನೆ.

ಆ ಸಲ ಉಳಿದ ಆರೂ ಜನರ ಹತ್ತಿರ ನಾನೇ ಹೋದೆ. ಅವರ ಫೋನಿನಿಂದಲೇ ಡಬ್ಬಿಗೆ ಕರೆ ಮಾಡಿಸಿ, ಮಾತು ಕೇಳಿಸಿ, ಆಮೇಲೆ ಗುರುತು ಹಾಕಿದೆ. ಅಜ್ಜನನ್ನು ಹುಡುಕಿಕೊಂಡು ಅಣ್ಣಿಗೇರಿಯ ಕಡೆಯ ಹೊಲದವರೆಗೆ ಹೋಗಬೇಕಾಯಿತು. ಅವನು ಕೇಳಿ, ಫೋನು ಕಟ್ಟಾದ ಮೇಲೆ, “ಅಗದಿ ಬರೋಬ್ಬರಿ” ಎಂದ.

ಮಳೆಗಾಲ ಮುಗಿಯುವ ಮುಂಚೆ ಒಂದು ಶನಿವಾರ, ಬೆಳಿಗ್ಗೆ ಆರೂವರೆಗೆ ಎಸ್ಸೆಮ್ಮೆಸ್ ಬಂತು. ಹಿಂದೆಯೇ ಕರೆ ಬಂತು. ನಮ್ಮ ಅಂಗಳದಲ್ಲಿ ಆಗಷ್ಟೇ ಬಿಸಿಲು ಬೀಳುತ್ತಿತ್ತು. ಟಂಟಂ ಚಾಲಕ ನಾವು ಫೋನು ಮಾಡುವ ಮೊದಲೇ ಬಾಗಿಲಿಗೆ ಬಂದು ಹಾರ್ನ್ ಹೊಡೆದ. “ಲಗೂನ ಬರ್ರಿ ಅಕ್ಕಾರ, ಹಲ್ಲ ಹುಬ್ಬಳ್ಳ್ಯಾಗ ತಿಕ್ಕೋರಿ.” ಏಳಕ್ಕೆ ಸೇತುವೆ ದಾಟಿದೆವು. ಕೆಳಗೆ ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. ಅಜ್ಜ ಕುರಿಗಳನ್ನು ದಂಡೆಯ ಮೇಲೆ ಹತ್ತಿಸಿಕೊಂಡು ನಿಂತಿದ್ದ, ಕೈ ಎತ್ತಿದ.

ಆಸ್ಪತ್ರೆಯ ಹೊರಗೆ ಮೂರು ತಾಸು ಕಾದೆವು. ಹನ್ನೊಂದಕ್ಕೆ ತೂಕ ನೋಡಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು, ಯಂತ್ರ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಊರಿನಿಂದ ಫೋನು ಬಂತು, ಸೇತುವೆ ಮುಳುಗಿದೆ ಎಂದು. ಅವಳಿಗೆ ಹೇಳಿದೆ. ರಾತ್ರಿಗೆ ಎಲ್ಲಿ ಉಳಿಯುವುದು, ಯಾವ ಬಂಧುಗಳ ಮನೆಗೆ ಹೇಳುವುದು ಎಂದು ನಾನು ಲೆಕ್ಕ ಹಾಕತೊಡಗಿದೆ. ಅವಳು ಕೊಳವೆಗಳಿದ್ದ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ಹೊದಿಕೆ ಎಳೆದುಕೊಂಡಳು.

“ಈಗ ಎಲ್ಲಿಗೂ ಹೋಗೂದಿಲ್ಲಲ್ರಿ. ಮಂಗಳವಾರದ ತನಕ ಹಳ್ಳ ಬೇಕಾದಷ್ಟು ಹರೀಲಿ. ನೀವು ಹೋಗಿ ಚಹಾ ಕುಡದ ಬರ್ರಿ” ಎಂದು ಕಣ್ಣು ಮುಚ್ಚಿದಳು.